ಬೋರ್ಡೋದ ಕೆಂಪು ವೈನ್, ಪುತ್ತಿಗೆಯ ಊಟ

ಬೋರ್ಡೋದ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ಜಾತಿಯ ದ್ರಾಕ್ಷಿಯದ್ದಲ್ಲ. ಎರಡು ಮೂರು, ಕೆಲವೊಮ್ಮೆ ಐದು ಜಾತಿಗಳನ್ನು ಬೇರೆ ಬೇರೆಯಾಗಿ ಹುದುಗಿಸಿ, ರುಚಿ ನೋಡಿ, ಹದವರಿತು ಕೂಡಿಸಿದ್ದು. ಫ್ರಾನ್ಸಿನ ನೈಋತ್ಯದಲ್ಲಿ ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಜಿರೋಂದ್ ಅಳಿವೆಯಾಗಿ ಅಟ್ಲಾಂಟಿಕ್ ಸಾಗರ ಸೇರುತ್ತವೆ. ಈ ಮೂರರ ದಡಗಳಲ್ಲಿ ಆ ದ್ರಾಕ್ಷಿತೋಟಗಳಿವೆ. ಕಾಸರಗೋಡು ಜಿಲ್ಲೆಯ ಪುತ್ತಿಗೆಯಲ್ಲಿ ಬೋರ್ಡೋ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಬಂದದ್ದು ಅಡಿಕೆ ತೋಟದ ದಾರಿಯಿಂದ. ಕೆಳಗಿನ ಮಾತುಕತೆ ಅಲ್ಲಿನ ಅಡಿಕೆ ಕೃಷಿಕರೊಬ್ಬರಿಗೂ ಬೆಂಗಳೂರಿನ ಹೋಟೆಲೊಂದರಲ್ಲಿ ವೈನ್ ವಿಭಾಗ ನೋಡಿಕೊಳ್ಳುವ ಅವರ ಅಳಿಯನಿಗೂ ನಡುವಿನದು.

ಮಾವ: ಬೋರ್ಡೋ ಅಂದರೆ ನಮಗೆ ಮೈಲುತುತ್ತು, ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ಒಂದೂವರೆ ತಿಂಗಳು ಕಳೆದು ಇನ್ನೊಂದು ಸಲ ಮದ್ದು ಬಿಡದಿದ್ದರೆ ಕೊಳೆರೋಗಕ್ಕೆ ಎಳೆ ಅಡಿಕೆಯೆಲ್ಲ ನೆಲಕ್ಕೆ. ಅದಕ್ಕೂ ಈ ಬಾಟಲಿಗೂ ಎಂತ ಸಂಬಂಧ ಮಾರಾಯ?

ಅಳಿಯ: ಮದ್ದು ಹುಟ್ಟಿದ್ದೇ ಈ ವೈನಿನ ತೋಟಗಳಲ್ಲಿ ಮಾವ. ಅಮೆರಿಕದಿಂದ ಬಂದ ಡೌನಿ ಮಿಲ್ಡ್ಯೂ ಎಂಬ ಬೂಜು ರೋಗ 1878ರಲ್ಲಿ ಫ್ರಾನ್ಸಿನ ಬಳ್ಳಿಗಳಲ್ಲಿ ಕಾಣಿಸಿಕೊಂಡಿತು. ಎಲೆಯೆಲ್ಲ ಉದುರಿ ಹಣ್ಣು ಮಾಗದೆ ಉಳಿಯುತ್ತಿತ್ತು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಾರ್ದೆ 1882ರಲ್ಲಿ ಸೇಂ-ಜೂಲಿಯೆನ್ ಎಂಬಲ್ಲಿ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡರು. ರಸ್ತೆಯಂಚಿನ ಸಾಲುಗಳಲ್ಲಿ ಮಾತ್ರ ಎಲೆ ಹಸಿರಾಗಿ ಉಳಿದಿತ್ತು. ದಾರಿಹೋಕರು ಹಣ್ಣು ಕೀಳದಿರಲಿ, ವಿಷ ಹಾಕಿದ್ದಾರೆಂದು ಹೆದರಲಿ ಎಂದು ತೋಟದವರು ಆ ಸಾಲಿಗೆ ಮೈಲುತುತ್ತು ಮತ್ತು ಸುಣ್ಣ ಎರಚಿದ್ದರು. ಮಿಲಾರ್ದೆ ರಸಾಯನವಿಜ್ಞಾನಿ ಗೇಯೋನ್ ಜೊತೆ ಅದರ ಪ್ರಮಾಣಗಳನ್ನು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಅದೇ ದ್ರಾವಣವನ್ನು ಅಡಿಕೆ ಗೊನೆಗೆ ಹತ್ತಿಸಿದರು.

ಮಾವ: ದ್ರಾಕ್ಷಿಯ ರೋಗ, ಅಡಿಕೆಯ ರೋಗ ಎರಡೂ ಒಂದೆಯೋ?

ಅಳಿಯ: ಒಂದೇ ಅಲ್ಲ, ಒಂದೇ ಬಳಗ. ನಿಜವಾದ ಶಿಲೀಂಧ್ರಗಳೂ ಅಲ್ಲದ, ಊಮೈಸೀಟ್ ಎಂಬ ಗುಂಪಿನ ಜೀವಿಗಳು. ಎರಡಕ್ಕೂ ಮೈಮೇಲೆ ನೀರು ನಿಲ್ಲಬೇಕು. ಅದಕ್ಕೇ ಒಂದೇ ಮದ್ದು ಎರಡಕ್ಕೂ ನಾಟುತ್ತದೆ. ವೈನಿನ ಮಾತಿಗೂ ಇದು ಮುಖ್ಯ. ಬೋರ್ಡೋ ಕಡಲಿಗೆ ಹತ್ತಿರದ ಊರು, ಹವೆ ನಂಬುವಂಥದ್ದಲ್ಲ. ವಸಂತದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಡುತ್ತದೆ, ಕೊಯ್ಲಿನ ಹೊತ್ತಿಗೆ ಮಳೆ ಬಂದು ಹಣ್ಣು ಕೊಳೆಯುತ್ತದೆ. ಒಂದೇ ಜಾತಿಯನ್ನು ನಂಬಿ ಕೂತರೆ ಕೆಟ್ಟ ವರ್ಷ ಪೂರ್ತಿ ನಷ್ಟ. ಮಿಶ್ರಣ ಶುರುವಾದದ್ದು ನಾಲಿಗೆಯ ಸೊಗಸಿಗಿಂತ ಹೆಚ್ಚಾಗಿ ಈ ಹೆದರಿಕೆಯಿಂದ.

ಮಾವ: ಅಡಿಕೆಯ ನಡುವೆ ಕೊಕ್ಕೋ, ಮರಕ್ಕೆ ಕಾಳುಮೆಣಸಿನ ಬಳ್ಳಿ, ಅಂಚಿಗೆ ತೆಂಗು ಇಟ್ಟ ಹಾಗೆ. ಒಂದರ ರೇಟು ಬಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ.

ಅಳಿಯ: ಅದೇ ಲೆಕ್ಕ. ಮೆರ್ಲೋ ಎಂಬ ಜಾತಿ ಬೇಗ ಚಿಗುರಿ ಬೇಗ ಮಾಗುತ್ತದೆ. ಇಬ್ಬನಿಗೆ ಸಿಕ್ಕಿ ಸಾಯುವುದೂ ಅದೇ, ಕೊನೆಯ ಮಳೆಯಿಂದ ತಪ್ಪಿಸಿಕೊಳ್ಳುವುದೂ ಅದೇ. ಕ್ಯಾಬರ್ನೆ ಸೊವಿನ್ಯೋಂ ತಡವಾಗಿ ಮಾಗುವ, ದಪ್ಪ ಸಿಪ್ಪೆಯ ಸಣ್ಣ ಹಣ್ಣು. ಒಗರು, ಬಣ್ಣ, ಬಾಳಿಕೆ ಎಲ್ಲ ಅದರದ್ದು. ಮೆರ್ಲೋದಿಂದ ಮೆದು, ಹಣ್ಣಿನ ಕಂಪು. ಇವೆರಡರ ನಡುವೆ ಸುಗಂಧಕ್ಕೆ ಕ್ಯಾಬರ್ನೆ ಫ್ರಾಂಕ್, ಬಣ್ಣ ಮತ್ತು ಗಡಸಿಗೆ ಚಿಟಿಕೆಯಷ್ಟು ಪೆತಿ ವೆರ್ದೋ; ಮಾಲ್ಬೆಕ್ ಈಗ ಅಲ್ಲಿ ಕಡಿಮೆ. ಇದರಲ್ಲಿ ಒಂದು ಸ್ವಾರಸ್ಯ ಉಂಟು. ಕ್ಯಾಬರ್ನೆ ಸೊವಿನ್ಯೋಂ ಎಂಬುದು ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ದ್ರಾಕ್ಷಿಯಾದ ಸೊವಿನ್ಯೋಂ ಬ್ಲಾಂಕ್ ತಾವಾಗಿಯೇ ಕೂಡಿ ಹುಟ್ಟಿದ ಸಂತಾನ ಎಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ತೋರಿಸಿದರು. ಈ ಕಪ್ಪು ಮಗನಿಗೆ ಬಿಳಿ ತಾಯಿಯೋ ತಂದೆಯೋ ಇರಬಹುದೆಂದು ಅಲ್ಲಿಯವರೆಗೆ ಯಾರೂ ಖಚಿತವಾಗಿ ಹೇಳಿರಲಿಲ್ಲ.

ಮಾವ: ಯಾವುದು ಎಷ್ಟು ಹಾಕಬೇಕೆಂದು ಲೆಕ್ಕ ಇದೆಯೋ?

ಅಳಿಯ: ಕಾನೂನು ಜಾತಿಗಳನ್ನು ಹೇಳುತ್ತದೆ, ಒಬ್ಬೊಬ್ಬರ ಅಳತೆಯನ್ನು ಅವರವರ ಕೈಗೇ ಬಿಟ್ಟಿದೆ. ಪ್ರತಿ ತಾಕಿನ, ಪ್ರತಿ ಜಾತಿಯ ರಸ ಬೇರೆ ಬೇರೆ ತೊಟ್ಟಿಯಲ್ಲಿ ಹುದುಗುತ್ತದೆ. ಕೊಯ್ಲು ಮುಗಿದು ಚಳಿ ಹಿಡಿದ ಮೇಲೆ ಮನೆಯವರೂ ಸಲಹೆಗಾರರೂ ಸೇರಿ ರುಚಿ ನೋಡಿ ಕೂಡಿಸುತ್ತಾರೆ. ಆಮೇಲೆ 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಒಂದು ವರ್ಷ, ಒಂದೂವರೆ ವರ್ಷ. ಅಳಿವೆಯ ಎಡದಂಡೆಯಲ್ಲಿ, ಅಂದರೆ ಮೆದೋಕ್ ಭಾಗದಲ್ಲಿ ನೆಲ ಬೆಣಚುಕಲ್ಲಿನ ಜಲ್ಲಿ. ನೀರು ಬಸಿದು ನೆಲ ಬಿಸಿಯಾಗುವುದರಿಂದ ಕ್ಯಾಬರ್ನೆ ಮಾಗುತ್ತದೆ. ಬಲದಂಡೆಯ ಸೇಂತ್-ಎಮಿಲಿಯೋಂ, ಪೊಮರೋಲ್ ಕಡೆ ಜೇಡಿಮಣ್ಣು, ಸುಣ್ಣಕಲ್ಲು; ಅಲ್ಲಿ ಮೆರ್ಲೋದ್ದೇ ರಾಜ್ಯ. ಮೊದಲ ಸಲ ಕುಡಿಯುವವರಿಗೆ ಬಲದಂಡೆಯದ್ದೇ ಒಳ್ಳೆಯದು, ಅಷ್ಟು ಒಗರಿರುವುದಿಲ್ಲ.

ಮಾವ: ಹಾಗಾದರೆ ಕುಡಿಯುವವರ ಹೊಟ್ಟೆಗೆ ಮೈಲುತುತ್ತು ಹೋಗುವುದಿಲ್ಲವೋ?

ಅಳಿಯ: ಹಣ್ಣಿನ ಮೇಲೆ ಸ್ವಲ್ಪ ಉಳಿಯುತ್ತದೆ. ಹುದುಗುವಾಗ ಹೆಚ್ಚಿನ ತಾಮ್ರ ಯೀಸ್ಟಿನ ಗಸಿಯ ಜೊತೆ ತಳಕ್ಕೆ ಹೋಗುತ್ತದೆ. ತೊಂದರೆ ಹೊಟ್ಟೆಗಿಂತ ಮಣ್ಣಿಗೆ ಜಾಸ್ತಿ. ತಾಮ್ರ ಕರಗಿ ಹೋಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಅದಕ್ಕೇ ಐರೋಪ್ಯ ಒಕ್ಕೂಟ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ 28 ಕಿಲೋ ತಾಮ್ರ ಎಂದು ಮಿತಿ ಹಾಕಿದೆ. ಅಡಿಕೆ ತೋಟದವರೂ ಯೋಚಿಸಬೇಕಾದ ಸಂಗತಿ, ಆದರೆ ಅದು ಬೇರೆ ಮಾತು.

ಮಾವ: ಸರಿ. ಫುಲ್ ಬಾಡಿ ಫುಲ್ ಬಾಡಿ ಅನ್ನುತ್ತೀರಲ್ಲ, ಅದೆಂತ?

ಅಳಿಯ: ಬಾಯಲ್ಲಿ ಅನಿಸುವ ಭಾರ. ನೀರು ಮಜ್ಜಿಗೆಗೂ ಗಟ್ಟಿ ಮಜ್ಜಿಗೆಗೂ ಇರುವ ವ್ಯತ್ಯಾಸವೇ. ಅದು ಬರುವುದು ಮೂರು ಕಡೆಯಿಂದ: ಆಲ್ಕೋಹಾಲ್, ಸಿಪ್ಪೆಯಿಂದ ಇಳಿದ ಒಗರು ಮತ್ತು ಬಣ್ಣ, ಹಣ್ಣಿನ ಸಾರ. ಆಲ್ಕೋಹಾಲ್ ಶೇಕಡ 13.5 ದಾಟಿದ ಕೆಂಪು ವೈನ್ ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತದೆ. ಬೋರ್ಡೋ ಒಂದೇ ಅಲ್ಲ. ದಕ್ಷಿಣ ಫ್ರಾನ್ಸಿನ ರೋನ್ ಕಣಿವೆಯಲ್ಲಿ ಗ್ರೆನಾಶ್, ಸಿರಾ, ಮುರ್ವೆದ್ರ್ ಕೂಡಿಸುತ್ತಾರೆ. ಅದು ಬಿಸಿಲಿನ ಸೀಮೆ, ಆಲ್ಕೋಹಾಲ್ ಇನ್ನೂ ಹೆಚ್ಚು, ಒಗರು ಸ್ವಲ್ಪ ಕಡಿಮೆ. ಖಾರದ ಊಟದವರಿಗೆ ಆ ಹೆಚ್ಚಿನ ಆಲ್ಕೋಹಾಲೇ ಕಷ್ಟ.

ಮಾವ: ಆ ಒಗರು ಎಂಬುದು ಅಡಿಕೆಯ ಚೊಗರಿನಂಥದ್ದೇ?

ಅಳಿಯ: ಅಂಥದ್ದಲ್ಲ, ಅದೇ. ಟ್ಯಾನಿನ್. ಎಳೆ ಅಡಿಕೆಯಲ್ಲೂ ಗೇರುಹಣ್ಣಿನಲ್ಲೂ ಚಹಾದಲ್ಲೂ ದ್ರಾಕ್ಷಿಯ ಸಿಪ್ಪೆ-ಬೀಜದಲ್ಲೂ ಇರುವುದು ಹತ್ತಿರದ ಬಳಗದ ಪದಾರ್ಥ. ಜೊಲ್ಲಿನಲ್ಲಿರುವ ಪ್ರೋಟೀನನ್ನು ಅದು ಹಿಡಿದು ಗಂಟು ಕಟ್ಟಿಸುತ್ತದೆ. ಜಾರುತ್ತಿದ್ದ ಬಾಯಿ ಒಣಗಿ, ವಸಡಿಗೆ ನಾಲಿಗೆ ತಗಲಿದರೆ ಒರಟಾಗುತ್ತದೆ. ಇದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಗೇರುಹಣ್ಣನ್ನು ಉಪ್ಪು ಹಚ್ಚಿ ತಿನ್ನುವುದು ಊರಿನ ಮಕ್ಕಳಿಗೂ ಗೊತ್ತು. ಉಪ್ಪು ಆ ಹಿಡಿತವನ್ನು ಸಡಿಲಿಸುತ್ತದೆ. ವೈನಿನ ಜೊತೆ ಊಟ ಹೊಂದಿಸುವ ಅರ್ಧ ಪಾಠ ಅದರಲ್ಲೇ ಇದೆ.

ಮಾವ: ಫ್ರಾನ್ಸಿನದ್ದೇ ಆಗಬೇಕೋ? ನಮ್ಮ ಕಡೆ ಯಾರೂ ಮಾಡುವುದಿಲ್ಲವೋ?

ಅಳಿಯ: ಪುತ್ತಿಗೆಯ ಮಳೆಯಲ್ಲಿ ಈ ದ್ರಾಕ್ಷಿ ಬದುಕುವುದಿಲ್ಲ. ಹಣ್ಣಿಗೆ ಒಣ ಹವೆ ಬೇಕು, ರಾತ್ರಿ ತಂಪು ಬೇಕು. ನಂದಿಬೆಟ್ಟದ ಬುಡದಲ್ಲಿ ಎರಡೂ ಇವೆ. ಕನ್ವಲ್ ಗ್ರೋವರ್ ಅಲ್ಲಿ, ದೊಡ್ಡಬಳ್ಳಾಪುರದ ಬಳಿ, ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ಜಾತಿಗಳನ್ನು ನೆಡಿಸಿ 1988ರಲ್ಲಿ ಗ್ರೋವರ್ ವಿನ್ಯಾರ್ಡ್ಸ್ ಕಟ್ಟಿದರು. 1990ರ ದಶಕದಲ್ಲಿ ಬೋರ್ಡೋದ ಬಲದಂಡೆಯವರೇ ಆದ ಮಿಶೆಲ್ ರೊಲಾಂ ಸಲಹೆಗಾರರಾದರು. ಅಲ್ಲಿನ ‘ಲಾ ರಿಸರ್ವ್’ ಎಂಬ ಕೆಂಪು ವೈನ್ ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜಿನ ಮಿಶ್ರಣ, ಫ್ರೆಂಚ್ ಓಕಿನಲ್ಲಿ ಇಟ್ಟದ್ದು. ಶಿರಾಜ್ ಅಂದರೆ ರೋನ್ ಕಣಿವೆಯ ಸಿರಾ. ಈಗಿನ ನಿಯಮದಂತೆ ಬೋರ್ಡೋದಲ್ಲಿ ಈ ಎರಡನ್ನು ಕೂಡಿಸಿದರೆ ಬಾಟಲಿಗೆ ಬೋರ್ಡೋ ಎಂಬ ಹೆಸರು ಸಿಗುವುದಿಲ್ಲ. ತಮಾಷೆಯೆಂದರೆ 19ನೆಯ ಶತಮಾನದಲ್ಲಿ ಬೋರ್ಡೋದ ವ್ಯಾಪಾರಿಗಳೇ ತೆಳು ವರ್ಷದ ವೈನಿಗೆ ರೋನಿನ ಎರ್ಮಿತಾಜ್ ಸುರಿದು ಗಟ್ಟಿ ಮಾಡುತ್ತಿದ್ದರು, ಅದನ್ನು ಮುಚ್ಚಿಟ್ಟೂ ಇರಲಿಲ್ಲ. ಕರ್ನಾಟಕ 2007ರಲ್ಲಿ ದ್ರಾಕ್ಷಾರಸ ನೀತಿ ತಂದ ಮೇಲೆ ನಂದಿಯ ಕಡೆ, ಕೃಷ್ಣೆಯ ಕಡೆ ಹೊಸ ವೈನರಿಗಳು ಎದ್ದವು. ಹಂಪಿಯ ಹತ್ತಿರದ ಕೃಷ್ಮಾ ಕ್ಯಾಬರ್ನೆಗೆ ಹೆಸರಾಗಿದೆ.

ಮಾವ: ಅಲ್ಲಿ ಕೊಯ್ಲು ಯಾವಾಗ?

ಅಳಿಯ: ಫ್ರಾನ್ಸಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್. ನಮ್ಮಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುವುದೇ ಇಲ್ಲ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿಯುವಾಗ ಇನ್ನೊಮ್ಮೆ ಸವರಿ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದೇ ಬೆಳೆ ತೆಗೆಯುತ್ತಾರೆ. ಬಿಸಿಲು ಖಾಯಂ ಇರುವುದರಿಂದ ವರ್ಷದಿಂದ ವರ್ಷಕ್ಕೆ ಬೋರ್ಡೋದಷ್ಟು ಏರುಪೇರು ಇಲ್ಲ. ಬೋರ್ಡೋದ ಲೇಬಲಿನಲ್ಲಿ ವರ್ಷ ನೋಡುವುದು ಕಡ್ಡಾಯ. ಇಲ್ಲಿ ಅಷ್ಟಿಲ್ಲ, ಹೊಸದಾಗಿದ್ದರೆ ಸಾಕು.

ಮಾವ: ಲೇಬಲಿನಲ್ಲಿ ಇನ್ನೆಂತ ನೋಡಬೇಕು?

ಅಳಿಯ: ಊರಿನ ಹೆಸರು. ‘ಅಪೆಲಾಸಿಯೋಂ’ ಎಂಬುದರ ಮುಂದೆ ಬರೇ ಬೋರ್ಡೋ ಅಂತಿದ್ದರೆ ಪ್ರದೇಶದ ಯಾವ ಮೂಲೆಯದ್ದೂ ಆಗಬಹುದು. ಪೊಯಾಕ್, ಮಾರ್ಗೋ ಎಂದು ಸಣ್ಣ ಊರು ಬಂದಂತೆ ಕ್ರಯ ಏರುತ್ತದೆ. ಈ ಊರು-ಮುದ್ರೆಯ ವ್ಯವಸ್ಥೆಗೆ ಫ್ರಾನ್ಸ್ 1935ರಲ್ಲಿ ಕಾನೂನಿನ ರೂಪ ಕೊಟ್ಟಿತು. ‘ಶಾತೋದಲ್ಲೇ, ಅಂದರೆ ತೋಟದಲ್ಲೇ, ಬಾಟಲಿಗೆ ತುಂಬಿದ್ದು’ ಎಂಬ ಸಾಲಿಗೂ ಚರಿತ್ರೆಯುಂಟು: ಮೊದಲು ವ್ಯಾಪಾರಿ ಪೀಪಾಯಿ ಒಯ್ದು ತಾನೇ ತುಂಬುತ್ತಿದ್ದ, 1924ರಲ್ಲಿ ಮೂತೋನ್ ರಾಥ್‌ಶಿಲ್ಡಿನ ಫಿಲಿಪ್ ತನ್ನ ಬೆಳೆಯಷ್ಟನ್ನೂ ತನ್ನಲ್ಲೇ ತುಂಬಿಸಿದ. 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆಂದು ಮಾಡಿದ ಶಾತೋಗಳ ಐದು ದರ್ಜೆಗಳ ಪಟ್ಟಿ ಇಂದಿಗೂ ಚಾಲ್ತಿಯಲ್ಲಿದೆ. ದೊಡ್ಡ ಬದಲಾವಣೆ ಅಂತ ಆದದ್ದು 1973ರಲ್ಲಿ, ಅದೇ ಮೂತೋನ್ ಎರಡನೆಯ ದರ್ಜೆಯಿಂದ ಮೊದಲಿಗೆ ಏರಿದಾಗ. ಆದರೆ ಅದು ಸಾವಕಾರರ ಲೋಕ. ವರ್ಷಗಳ ಕಾಲ ಶೇಕಡ 150ರ ಆಮದು ಸುಂಕ ಬಿದ್ದು, ಅದರ ಮೇಲೆ ರಾಜ್ಯದ ತೆರಿಗೆ ಕೂಡಿ, ಅಲ್ಲಿ ಸಾಧಾರಣವಾದದ್ದು ಇಲ್ಲಿ ದುಬಾರಿಯಾಗಿ ಮಾರಿಹೋಗಿದೆ. ಆ ದುಡ್ಡಿಗೆ ನಂದಿಯ ಒಳ್ಳೆಯ ಮಿಶ್ರಣ ಮೇಲು.

ಮಾವ: ತಲಪಾಡಿ ದಾಟಿ ಮಂಗಳೂರಿನಿಂದ ತರಬಹುದಲ್ಲ, ಅಲ್ಲಿ ಬಗೆ ಜಾಸ್ತಿ.

ಅಳಿಯ: ಬೇಡ ಮಾವ. ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಅಬಕಾರಿ ಕೇಸು. ಕೇರಳದಲ್ಲಿ ಬೆವ್ಕೊದಂಥ ಸರಕಾರಿ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು, ಅದೂ 23 ವರ್ಷ ತುಂಬಿದವರು. ನಮ್ಮ ಹತ್ತಿರದ ಬೇಳದ ಕ್ರೈಸ್ತರಲ್ಲಿ ಕ್ರಿಸ್‌ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿ ಹುದುಗಿಸುವ ರೂಢಿಯಿದೆ. ಅಬಕಾರಿ ಕಾಯ್ದೆಯ ಕಣ್ಣಿಗೆ ಅದೂ ಅಪರಾಧವೇ.

ಮಾವ: ಆ ಕ್ರಿಸ್‌ಮಸ್ ವೈನಿನ ರುಚಿ ಎಲ್ಲರಿಗೂ ಗೊತ್ತು. ಸಿಹಿ, ಲವಂಗದ ಘಮ. ಇದು ಹಾಗಿರುವುದಿಲ್ಲವೋ?

ಅಳಿಯ: ಅದನ್ನೇ ನಿರೀಕ್ಷಿಸಿ ಕೂತವರಿಗೆ ಬೋರ್ಡೋ ಮೊದಲ ಗುಟುಕಿಗೇ ಬೇಡವಾಗುತ್ತದೆ. ಮನೆಯದ್ದಕ್ಕೆ ಬೆಂಗಳೂರು ನೀಲಿ ದ್ರಾಕ್ಷಿ, ಮೇಲಿಂದ ಸಕ್ಕರೆ. ಹುದುಗಿ ಉಳಿದ ಸಕ್ಕರೆ ಹಾಗೇ ಇರುತ್ತದೆ. ಬೋರ್ಡೋದಲ್ಲಿ ಹಣ್ಣಿನ ಸಕ್ಕರೆ ಬಹುಪಾಲು ಆಲ್ಕೋಹಾಲ್ ಆಗಿ ಮುಗಿದಿರುತ್ತದೆ. ಉಳಿಯುವುದು ಹುಳಿ, ಒಗರು, ವಾಸನೆ. ಅದು ಊಟದ ಜೊತೆಗೆ ಮಾಡಿದ ಪಾನೀಯ, ಬರಿ ಹೊಟ್ಟೆಗಲ್ಲ.

ಮಾವ: ಬಾಟಲಿ ತೆರೆಯುವಾಗ ಕ್ರಮ ಏನಾದರೂ ಉಂಟೋ?

ಅಳಿಯ: ಮೊದಲು ಉಷ್ಣಾಂಶ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕೆಂದು ಪುಸ್ತಕಗಳಲ್ಲಿರುವುದು ಫ್ರಾನ್ಸಿನ ಹಳೆ ಕಲ್ಲುಮನೆಯ ಕೋಣೆಗೆ, 16ರಿಂದ 18 ಡಿಗ್ರಿ. ಪುತ್ತಿಗೆಯ ಚಾವಡಿ ಏಪ್ರಿಲಿನಲ್ಲಿ 30 ದಾಟಿರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆದು ಬೇರೆಲ್ಲ ವಾಸನೆ ಅಡಗುತ್ತದೆ. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು, ಐಸ್ ಹಾಕಬಾರದು. ತೀರ ತಣ್ಣಗಾದರೆ ಒಗರು ಕಹಿಯಂತೆ ಅನಿಸುತ್ತದೆ. ಎರಡನೆಯದು ಗಾಳಿ. ಹೊಸ ಗಟ್ಟಿ ವೈನನ್ನು ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಮುಕ್ಕಾಲು ಗಂಟೆ ಬಿಟ್ಟರೆ ವಾಸನೆ ಬಿಚ್ಚಿಕೊಳ್ಳುತ್ತದೆ. ಹಳೆಯದಾದರೆ ಗಸಿ ಬಿಡಿಸುವುದಕ್ಕೆ ಮಾತ್ರ ಸುರಿಯುವುದು, ಹೆಚ್ಚು ಹೊತ್ತು ಬಿಟ್ಟರೆ ಇದ್ದ ಪರಿಮಳವೂ ಹಾರಿಹೋಗುತ್ತದೆ.

ಮಾವ: ತಾಮ್ರದ ಚೊಂಬಿಗೆ ಸುರಿದರೆ?

ಅಳಿಯ: ಹುಳಿ ಇರುವ ಯಾವುದನ್ನೂ ಕಲಾಯಿ ಇಲ್ಲದ ತಾಮ್ರದಲ್ಲಿಡಬಾರದು, ಕಿಲುಬು ಇಳಿಯುತ್ತದೆ. ಆದರೆ ತಾಮ್ರಕ್ಕೂ ವೈನಿಗೂ ಇನ್ನೊಂದು ನಂಟಿದೆ. ತೆರೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ತೊಳೆದ ತಾಮ್ರದ ನಾಣ್ಯವೊಂದನ್ನು ಗ್ಲಾಸಿನಲ್ಲಿ ಒಂದು ಕ್ಷಣ ಅಲ್ಲಾಡಿಸಿ ತೆಗೆದರೆ ವಾಸನೆ ಹೋಗುತ್ತದೆ, ತಾಮ್ರ ಗಂಧಕವನ್ನು ಹಿಡಿದುಬಿಡುತ್ತದೆ. ಮಳೆಗಾಲದಲ್ಲಿ ಮುಗ್ಗಿದ ಗೋಣಿಯ ವಾಸನೆ ಬಂದರೆ ಮಾತ್ರ ಯಾವ ನಾಣ್ಯಕ್ಕೂ ಬಗ್ಗುವುದಿಲ್ಲ. ಅದು ಕಾರ್ಕಿನ ದೋಷ, ಬಾಟಲಿ ವಾಪಸು ಮಾಡಬೇಕಾದದ್ದು.

ಮಾವ: ಗ್ಲಾಸಿಗೆ ಬಿಟ್ಟಾಯಿತು. ಇನ್ನು?

ಅಳಿಯ: ಮೂರನೆ ಒಂದು ಪಾಲು ಮಾತ್ರ ತುಂಬಿ, ಬಿಳಿ ಪಂಚೆಯ ಮೇಲೆ ಗ್ಲಾಸನ್ನು ಓರೆ ಹಿಡಿಯಬೇಕು. ನಡುಭಾಗ ಆಚೆ ಕಾಣದಷ್ಟು ಕಪ್ಪು, ಅಂಚು ನೇರಳೆಯಾಗಿದ್ದರೆ ಎಳೆ ವೈನ್. ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾದದ್ದು. ಗ್ಲಾಸಿನ ಒಳಮೈಯಲ್ಲಿ ಹನಿ ಹನಿಯಾಗಿ ಇಳಿಯುವ ಗೆರೆಗಳನ್ನು ನೋಡಿ ಓಹೋ ಎಂದು ತಲೆಯಾಡಿಸುವವರಿದ್ದಾರೆ. ಅದು ಒಳ್ಳೆಯತನದ ಗುರುತಲ್ಲ. ಆಲ್ಕೋಹಾಲ್ ಬೇಗ ಆರಿ ಮೇಲ್ಮೈಯ ಎಳೆತ ಬದಲಾಗುವುದರಿಂದ ಆಗುವಂಥದ್ದು. ಜೇಮ್ಸ್ ಥಾಮ್ಸನ್ ಎಂಬ ಭೌತವಿಜ್ಞಾನಿ 1855ರಲ್ಲೇ ವಿವರಿಸಿದ್ದಾನೆ.

ಮಾವ: ಮೂಸುವುದು ಹೇಗೆ? ಹೋಟೆಲಿನಲ್ಲಿ ಮೂಗನ್ನೇ ಒಳಗೆ ತೂರಿಸುತ್ತಾರಂತೆ.

ಅಳಿಯ: ತೂರಿಸಲೇಬೇಕು. ಅಲ್ಲಾಡಿಸದೆ ಒಂದು ಸಲ, ಗ್ಲಾಸು ತಿರುಗಿಸಿ ಒಂದು ಸಲ. ಎರಡರ ವ್ಯತ್ಯಾಸದಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಇಂಗ್ಲಿಷ್ ಪುಸ್ತಕಗಳು ಬ್ಲ್ಯಾಕ್‌ಕರಂಟ್, ಸೀಡರ್ ಎನ್ನುತ್ತವೆ. ಇವು ಇಲ್ಲಿ ಯಾರೂ ಮೂಸಿದ್ದಲ್ಲ, ಅದನ್ನು ಬಾಯಿಪಾಠ ಮಾಡಿ ಹೇಳುವುದು ಬರೇ ಬೂಟಾಟಿಕೆ. ಚೆನ್ನಾಗಿ ಕಳಿತ ನೇರಳೆ, ಒಣದ್ರಾಕ್ಷಿ, ಪುನರ್ಪುಳಿ ಸಿಪ್ಪೆ ಅಂದರೆ ಸಾಕು. ಕ್ಯಾಬರ್ನೆ ಸರಿಯಾಗಿ ಮಾಗದಿದ್ದರೆ ಹಸಿ ದೊಣ್ಣೆಮೆಣಸಿನ ವಾಸನೆ ಬರುತ್ತದೆ. ಪೈರಜಿನ್ ಎಂಬ ಪದಾರ್ಥ ಎರಡರಲ್ಲೂ ಇದೆ. ಇನ್ನು ಲಾ ರಿಸರ್ವಿನಂಥ ಮಿಶ್ರಣದಲ್ಲಿ ಶಿರಾಜಿನ ಪಾಲಿನಿಂದ ಕಾಳುಮೆಣಸು ಅರೆದ ಹಾಗೆ ಒಂದು ಘಾಟು ಬಂದರೆ ಅದು ಭ್ರಮೆಯಲ್ಲ. ಅದಕ್ಕೆ ಕಾರಣವಾದ ರೊಟಂಡೋನ್ ಎಂಬ ಪದಾರ್ಥವನ್ನು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಗುರುತಿಸಿದರು. ಅದೇ ಪದಾರ್ಥ ನಿಮ್ಮ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಕಾಳಿನಲ್ಲಿ ಸಾವಿರಾರು ಪಟ್ಟು ಹೆಚ್ಚು ಇದೆ. ಲವಂಗದ ವಾಸನೆ ಓಕ್ ಪೀಪಾಯಿಯಿಂದ. ಲವಂಗದಲ್ಲಿರುವ ಯೂಜಿನಾಲ್ ಸುಟ್ಟ ಓಕಿನಲ್ಲೂ ಇದೆ. ಹೊಗೆಸೊಪ್ಪಿನ ವಾಸನೆ ಬರುವುದು ಕೆಲವು ವರ್ಷ ಕೂತ ಬಾಟಲಿಯಲ್ಲಿ.

ಮಾವ: ಗುಟುಕರಿಸುವಾಗ?

ಅಳಿಯ: ಸಣ್ಣ ಗುಟುಕು, ಬಾಯಿ ತುಂಬ ಆಡಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದು, ಹತ್ತು ಸೆಕೆಂಡಾದರೂ ಇಟ್ಟುಕೊಳ್ಳಬೇಕು. ಹುಳಿ ಇದ್ದರೆ ನಾಲಿಗೆಯ ಬದಿಯಲ್ಲಿ ಜೊಲ್ಲೂರುತ್ತದೆ. ಒಗರು ವಸಡಿನಲ್ಲಿ. ಆಲ್ಕೋಹಾಲ್ ಗಂಟಲಿನಲ್ಲಿ ಬಿಸಿಯಾಗಿ. ಇವು ಮೂರರಲ್ಲಿ ಒಂದೇ ಎದ್ದು ಕುಣಿದರೆ ಮಿಶ್ರಣ ಕೂಡಿಲ್ಲವೆಂದು ಅರ್ಥ. ನುಂಗಿದ ಮೇಲೆ ಹಣ್ಣಿನ ರುಚಿ ಎಷ್ಟು ಹೊತ್ತು ನಿಲ್ಲುತ್ತದೆಂಬುದು ಗುಣದ ನಂಬಬಹುದಾದ ಅಳತೆ. ಬರಿ ಒಗರು ಉಳಿದರೆ ಲೆಕ್ಕಕ್ಕಿಲ್ಲ. ನಾಲ್ಕಾರು ಬಾಟಲಿ ನೋಡಬೇಕಾದವರು ನುಂಗುವುದಿಲ್ಲ, ಉಗುಳುತ್ತಾರೆ. ಎಲೆಯಡಿಕೆ ಹಾಕುವವರಿಗೆ ಅದು ಹೊಸ ವಿದ್ಯೆಯೇನಲ್ಲ. ಆದರೆ ಎಲೆಯಡಿಕೆ ಹಾಕಿದ ಬಾಯಲ್ಲಿ ವೈನ್ ನೋಡಬಾರದು, ಎರಡು ಒಗರು ಸೇರಿ ಏನೂ ತಿಳಿಯುವುದಿಲ್ಲ.

ಮಾವ: ಈಗ ಮುಖ್ಯ ಮಾತು. ಬಂಗುಡೆ ಪುಳಿಮುಂಚಿಯ ಜೊತೆ ಇದು ಹೊಂದುತ್ತದೋ?

ಅಳಿಯ: ಅದಕ್ಕಿಂತ ಕೆಟ್ಟ ಜೋಡಿ ಇಲ್ಲ. ಮೂರು ಕಾರಣ. ಒಂದು, ಬಂಗುಡೆ ಎಣ್ಣೆ ಮೀನು. ಕೆಂಪು ವೈನಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದು ಮೀನಿನ ಎಣ್ಣೆಯನ್ನು ಬಾಯಲ್ಲೇ ಕೆಡಿಸಿ ಹಳಸಿದ ಮೀನಿನ ವಾಸನೆ ಎಬ್ಬಿಸುತ್ತದೆ. ಜಪಾನಿನ ಸಂಶೋಧಕರು 2009ರಲ್ಲಿ ಚಿಪ್ಪುಮೀನಿನ ಜೊತೆ ಹತ್ತಾರು ವೈನ್ ಪರೀಕ್ಷಿಸಿ, ಕಬ್ಬಿಣ ಹೆಚ್ಚಿದ್ದಷ್ಟೂ ಕೆಟ್ಟ ವಾಸನೆ ಹೆಚ್ಚು ಎಂದು ಕಂಡುಕೊಂಡರು. ಎರಡು, ಖಾರ. ಮೆಣಸಿನ ಉರಿ ಗೊತ್ತುಮಾಡುವ ನರದ ಗ್ರಾಹಕವೇ ಬಿಸಿಯನ್ನೂ ಗೊತ್ತುಮಾಡುತ್ತದೆ. ಆಲ್ಕೋಹಾಲ್ ತಾಗಿದರೆ ಅದು 42 ಡಿಗ್ರಿಯ ಬದಲು 34 ಡಿಗ್ರಿ ಸುಮಾರಿಗೇ ಉರಿ ಎಂದು ಕೂಗುತ್ತದೆ. ಅಂದರೆ ಬಾಯಿಯ ಶಾಖಕ್ಕೇ. ಮೂರು, ಹುಣಸೆಹುಳಿ. ಊಟದ ಹುಳಿ ವೈನಿನ ಹುಳಿಗಿಂತ ಮೇಲಾದರೆ ವೈನ್ ಸಪ್ಪೆ.

ಮಾವ: ಮತ್ತೆ ನಮ್ಮ ಊಟದಲ್ಲಿ ಉಳಿಯುವುದು ಎಂತ?

ಅಳಿಯ: ಬೇಕಾದಷ್ಟು. ಮಾಂಸ, ಕೊಬ್ಬು, ಉಪ್ಪು, ಹುರಿದ ತೆಂಗು, ಕಾಳುಮೆಣಸು ಇರುವಲ್ಲೆಲ್ಲ ಇದಕ್ಕೆ ಜಾಗವಿದೆ. ಮಾಂಸದ ಪ್ರೋಟೀನೂ ಕೊಬ್ಬೂ ಒಗರನ್ನು ಜೊಲ್ಲಿಗಿಂತ ಮೊದಲೇ ಹಿಡಿದುಕೊಳ್ಳುತ್ತವೆ, ಬಾಯಿ ಒಣಗುವುದು ತಪ್ಪುತ್ತದೆ. ತೆಂಗಿನಕಾಯಿ ಚೂರು ಹಾಕಿ ಕಾಳುಮೆಣಸಿನಲ್ಲಿ ಕಪ್ಪಗೆ ಹುರಿದ ಕೇರಳದ ಬೀಫಿನ ಜೊತೆ ಎಡದಂಡೆಯ ಬೋರ್ಡೋ ಇಟ್ಟರೆ, ಫ್ರಾನ್ಸಿನವನು ಕುರಿಯ ತೊಡೆ ಸುಟ್ಟು ತಿನ್ನುವಾಗ ಕಾಣುವ ಸುಖ ಇಲ್ಲೂ ಸಿಗುತ್ತದೆ. ಮಟನ್ ಸುಕ್ಕ ಅದರ ಹಿಂದೆಯೇ. ಮೆಣಸು ಬ್ಯಾಡಗಿಯದ್ದಾದರೆ ಮಾತ್ರ. ಅದರಲ್ಲಿ ಬಣ್ಣ ಜಾಸ್ತಿ, ಉರಿ ಕಡಿಮೆ. ಊರಿನ ಗಿಡ್ಡ ಮೆಣಸು ಕೈಬಿಚ್ಚಿ ಹಾಕಿದ್ದರೆ ಬೇಡ.

ಮಾವ: ಕೋರಿ ರೊಟ್ಟಿ?

ಅಳಿಯ: ತೆಂಗಿನ ಹಾಲು ಖಾರ ತಗ್ಗಿಸುತ್ತದೆ, ರೊಟ್ಟಿ ನಾಲಿಗೆ ಒರೆಸುತ್ತದೆ. ಮೆರ್ಲೋ ಹೆಚ್ಚಿರುವ ಮೆದು ಮಿಶ್ರಣ ಸಾಗುತ್ತದೆ, ಗಡಸು ಕ್ಯಾಬರ್ನೆ ಸಾಗುವುದಿಲ್ಲ. ಬೇಳದ ಮನೆಗಳ ಹಂದಿ ಬಫಾತ್‌ನಲ್ಲಿ ಕೊಬ್ಬು ಪೂರ್ತಿ ಇದೆ, ವಿನೆಗರ್ ಹದವಾಗಿದ್ದರೆ ಅದರ ಜೊತೆ ಸಣ್ಣಾ ಎಂಬ ಇಡ್ಲಿ ಇಟ್ಟು ರೋನಿನ ಮಿಶ್ರಣ ಚೆನ್ನ. ಮಾಪಿಳ್ಳೆ ಬಿರಿಯಾನಿಯಂತೂ ಮೆಣಸಿಗಿಂತ ತುಪ್ಪ, ಹುರಿದ ಈರುಳ್ಳಿಯ ಮೇಲೆ ನಿಂತದ್ದು. ರುಚಿಯ ಲೆಕ್ಕದಲ್ಲಿ ಇದಕ್ಕಿಂತ ಹೊಂದುವ ಊಟ ಕಡಿಮೆ. ಅದನ್ನು ಮಾಡುವ ಮನೆಗಳಲ್ಲಿ ವೈನ್ ಇರುವುದಿಲ್ಲ ಎಂಬುದು ಬೇರೆ.

ಮಾವ: ಮಾಂಸ ತಿನ್ನದವರಿಗೆ?

ಅಳಿಯ: ಗುಜ್ಜೆ ಸುಕ್ಕ. ಎಳೆ ಹಲಸಿನ ನಾರು, ಹುರಿದ ತೆಂಗಿನ ಮಸಾಲೆ, ಜೊತೆಗೆ ಕಡಲೆ. ಮಳೆಗಾಲದ ಮೊದಲ ಗುಡುಗಿಗೆ ಏಳುವ ಅಣಬೆಯನ್ನು ಕಾಳುಮೆಣಸು, ತೆಂಗಿನೆಣ್ಣೆಯಲ್ಲಿ ಹುರಿದರೆ ಹಳೆಯ ಬೋರ್ಡೋಗೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ, ಎರಡರಲ್ಲೂ ಹಸಿ ಮಣ್ಣಿನ ವಾಸನೆ. ತಂಬುಳಿ, ಮೇಲಾರ, ಮೊಸರನ್ನದ ಹತ್ತಿರ ಇದನ್ನು ತರಲೇಬಾರದು. ಪಾಯಸವೂ ಬೇಡ, ಬೆಲ್ಲದ ಸಿಹಿಯ ಮೇಲೆ ಈ ವೈನ್ ಬರೇ ಕಹಿ. ಹಲಸಿನ ಹಪ್ಪಳ ಆಗುತ್ತದೆ, ಉಪ್ಪು ಎಣ್ಣೆ ಎರಡೂ ಇದೆಯಲ್ಲ.

ಮಾವ: ಒಂದು ಬಾಟಲಿ ಮುಗಿಯದಿದ್ದರೆ?

ಅಳಿಯ: 750 ಮಿಲಿಲೀಟರ್ ಇಬ್ಬರಿಗೆ ಒಂದೇ ರಾತ್ರಿಗೆ ಜಾಸ್ತಿಯೇ, ಗಾಡಿ ಬಿಡುವವರಿಗೆ ಒಂದು ಗ್ಲಾಸೂ ಜಾಸ್ತಿ. ಉಳಿದದ್ದನ್ನು ಕಾರ್ಕು ಒತ್ತಿ ನೇರ ನಿಲ್ಲಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತಾಳುತ್ತದೆ. ಒಗರು ಹೆಚ್ಚಿರುವ ಎಳೆ ವೈನ್ ಎರಡನೆಯ ದಿನ ಇನ್ನಷ್ಟು ಮೆದುವಾಗುವುದೂ ಉಂಟು. ತೆರೆಯದ ಬಾಟಲಿ ಅಟ್ಟದಲ್ಲಿ ಬೇಡ, ಹಂಚಿನ ಬಿಸಿಗೆ ಒಂದೇ ಬೇಸಿಗೆಯಲ್ಲಿ ಬೆಂದುಹೋಗುತ್ತದೆ. ತಂಪಾದ ಕತ್ತಲೆ ಮೂಲೆಯಲ್ಲಿ ಅಡ್ಡ ಮಲಗಿಸಿ, ಎರಡು ವರ್ಷದೊಳಗೆ ಕುಡಿದು ಮುಗಿಸುವುದು ಒಳ್ಳೆಯದು. ನೂರು ಬಾಟಲಿಯಲ್ಲಿ ತೊಂಬತ್ತು ಹೆಚ್ಚು ಕಾಲ ಇಡುವುದಕ್ಕೆ ಮಾಡಿದವಲ್ಲ.